ಮರಗಟ್ಟಿದ ಬಾಯಿಗೆ ಒಂದು ಗುಟುಕು

ಶೀರ್ಷಿಕೆಯನ್ನು ಕಂಡು ನಮ್ಮ ಕಾಲೇಜಿನ ಕೆಲವು ಮಹನೀಯರು ಹುಬ್ಬೇರಿಸಿಯಾರು. ನಾನು ಹೇಳಹೊರಟಿರುವುದು ನೀರು, ಮಜ್ಜಿಗೆ, ಕಾಫಿಗಳ ಮಾತು. ಉಳಿದ ಪಾನೀಯಗಳ ವಿಚಾರದಲ್ಲಿ ನನಗೆ ಅನುಭವವೂ ಇಲ್ಲ, ಅಧಿಕಾರವೂ ಇಲ್ಲ.

ಕುಡಿಯುವ ವಿದ್ಯೆಗೆ ಗುರು ಬೇಕಿಲ್ಲ. ಹುಟ್ಟಿದ ಮಗುವಿಗೂ ಅದು ಬರುತ್ತದೆ. ಆದರೆ ಅದು ಎಷ್ಟು ಸೂಕ್ಷ್ಮವಾದ ವಿದ್ಯೆಯೆಂಬುದು ನನಗೆ ತಿಳಿದದ್ದು ಕಳೆದ ವರ್ಷ, ಕೆಳದವಡೆಯ ಒಂದು ಹುಳುಕು ಹಲ್ಲನ್ನು ತುಂಬಿಸಿಕೊಂಡು ಬಂದ ಮಧ್ಯಾಹ್ನ. ಬಲಗಡೆಯ ಕೆಳತುಟಿ, ಗದ್ದ, ಅರ್ಧ ನಾಲಗೆ ಇವು ಮೂರೂ ನನ್ನವಲ್ಲವೆಂದು ತೋರುತ್ತಿತ್ತು. ನಮ್ಮ ಜನ ಇದಕ್ಕೆ ಮರಗಟ್ಟುವುದು ಎಂದು ಎಷ್ಟು ಸರಿಯಾದ ಹೆಸರಿಟ್ಟಿದ್ದಾರೆ! ತುಟಿ ಬನ್ನಿನಂತೆ ಊದಿದೆಯೆನ್ನಿಸುತ್ತದೆ; ಕನ್ನಡಿ ನೋಡಿಕೊಂಡರೆ ಎಂದಿನಷ್ಟೇ ಇದೆ. ಲೋಟವನ್ನು ಬಾಯಿಗಿಟ್ಟರೆ ಎಡತುಟಿಗೆ ಲೋಟವಿದೆ, ಬಲತುಟಿಗೆ ಇಲ್ಲ. ನೀರು ಕಟವಾಯಿಯಿಂದ ಇಳಿದುಹೋಗುತ್ತಿರುವುದನ್ನು ಬಾಯಿ ಹೇಳುವುದಿಲ್ಲ, ಒದ್ದೆಯಾದ ದುಪಟ್ಟ ಹೇಳುತ್ತದೆ.

ಇದರಲ್ಲೊಂದು ಸೋಜಿಗವಿದೆ. ತುಟಿಯನ್ನು ಆಡಿಸುವ ನರ ಬೇರೆ, ತುಟಿಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರ ಬೇರೆ. ವೈದ್ಯರ ಸೂಜಿ ತಡೆದು ನಿಲ್ಲಿಸುವುದು ಎರಡನೆಯದನ್ನು. ಆಳುಗಳೆಲ್ಲ ಹೊಲದಲ್ಲಿಯೇ ಇದ್ದಾರೆ, ಕೆಲಸಕ್ಕೆ ಸಿದ್ಧರಾಗಿಯೂ ಇದ್ದಾರೆ. ಸುದ್ದಿ ತರಬೇಕಾದ ಹುಡುಗ ಮಾತ್ರ ದಾರಿಯ ಮರದಡಿ ನಿದ್ದೆ ಹೋಗಿದ್ದಾನೆ. ಗಂಟಲು ನುಂಗುವುದನ್ನು ಮರೆತಿಲ್ಲ. ಆದರೆ ಬಾಯಿಗೆ ಬಂದದ್ದು ಎಷ್ಟು, ಅದರ ಬಿಸಿ ಎಷ್ಟು, ಹಲ್ಲಿನ ನಡುವೆ ಸಿಕ್ಕಿರುವುದು ಅನ್ನವೋ ಸ್ವಂತ ತುಟಿಯೋ ಎಂಬ ವರದಿ ಬರುವುದಿಲ್ಲ. ಚಿಕ್ಕ ಮಕ್ಕಳಂತೂ ತಮಾಷೆಯೆಂದು ತುಟಿಯನ್ನು ಅಗಿದು ಗಾಯ ಮಾಡಿಕೊಳ್ಳುವುದುಂಟು.

ಇತಿಹಾಸದ ವಿದ್ಯಾರ್ಥಿನಿಯಾದ್ದರಿಂದ ಒಂದೆರಡು ಇಸವಿಗಳನ್ನು ಹೇಳದೆ ಬಿಡಲಾರೆ. ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಬಹುದೆಂದು 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ತೋರಿಸಿಕೊಟ್ಟ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅದನ್ನು ಸೂಜಿಯಿಂದ ನರದ ಬಳಿಗೇ ಚುಚ್ಚುವ ಪ್ರಯೋಗಗಳನ್ನು ಮಾಡಿದ; ತನ್ನ ಮೇಲೂ ಮಾಡಿಕೊಂಡು ಪಾಪ, ಅದರ ಚಟಕ್ಕೆ ಬಿದ್ದ. ಈಗ ಹಲ್ಲಿನ ವೈದ್ಯರು ಬಹುವಾಗಿ ಬಳಸುವ ಲಿಗ್ನೊಕೇನಿಗೆ ಆ ದುರ್ಗುಣವಿಲ್ಲ. ಅದನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ. ಸಾಮಾನ್ಯವಾಗಿ ಇದರೊಡನೆ ಬೆರೆಸುವ ಅಡ್ರಿನಲಿನ್ ಅಲ್ಲಿನ ರಕ್ತನಾಳಗಳನ್ನು ಕುಗ್ಗಿಸಿ, ಮದ್ದು ಬೇಗ ಹರಿದುಹೋಗದಂತೆ ಹಿಡಿದಿಡುತ್ತದೆ. ವೈದ್ಯರ ಕೆಲಸ ಅರ್ಧ ಗಂಟೆಯಲ್ಲಿ ಮುಗಿದರೂ ತುಟಿ ಮೂರು ನಾಲ್ಕು ಗಂಟೆ ಮರವಾಗಿಯೇ ಉಳಿಯುವುದು ಇದರಿಂದ.

ನನ್ನ ಹಲ್ಲಿನ ಕಥೆ ನಗುವಿನಲ್ಲಿ ಮುಗಿಯಿತು. ಅಪ್ಪನದು ಹಾಗಲ್ಲ. ಮೂರು ತಿಂಗಳ ಹಿಂದೆ ಅವನ ಕೆಳದವಡೆಯ ಹಲ್ಲೊಂದನ್ನು ಕೀಳಿಸಬೇಕಾಯಿತು. ಅವನಿಗೆ ಸಕ್ಕರೆ ಕಾಯಿಲೆ. ಗಾಯವಾದರೆ ಬೇಗ ಮಾಯುವುದಿಲ್ಲ. ಬೆಳಿಗ್ಗೆ ಎರಡು ಇಡ್ಲಿ ತಿಂದು ಮಾತ್ರೆ ನುಂಗಿ ಸಾಲಿನಲ್ಲಿ ಕುಳಿತವನ ಸರದಿ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ. ಹೊರಡುವಾಗ ಆಸ್ಪತ್ರೆಯವರು ಒಂದು ಅಚ್ಚಿನ ಕಾಗದ ಕೊಟ್ಟರು, ಇಂಗ್ಲಿಷಿನಲ್ಲಿ. ಹಲ್ಲು ಕೀಳಿಸಿಕೊಳ್ಳುವವರೆಲ್ಲ ಇಂಗ್ಲಿಷ್ ಬಲ್ಲವರೆಂದು ಯಾರು ನಿರ್ಧರಿಸಿದರೋ! ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಹತ್ತಿ ಕಚ್ಚಿಕೊಂಡ ಬಾಯಲ್ಲಿಯೇ ಅಪ್ಪ, "ಏನು ಬರದವ್ರೆ ಓದವ್ವ" ಎಂದ. ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಹದಿನೈದು ವರ್ಷ ಓದಿಸಿದ್ದರ ಲೆಕ್ಕವನ್ನು ಅವನು ಮೊದಲ ಸಲ ಕೇಳಿದಂತಾಯಿತು.

ಜೋಮು ಬಿಡುವವರೆಗೆ ಏನನ್ನೂ ತಿನ್ನಬೇಡಿ, ಬಿಸಿಯದನ್ನು ಕುಡಿಯಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ಹೀರಿದರೆ ಹಲ್ಲಿದ್ದ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ನೋವು ಹೆಚ್ಚುತ್ತದೆ. ಎಲ್ಲವೂ ಸರಿಯೇ. ಆದರೆ ಮುಕ್ಕಾಲು ಗಂಟೆ ಕಳೆದು ಹತ್ತಿಯನ್ನು ತೆಗೆಯುವ ಹೊತ್ತಿಗೆ ಅಪ್ಪನ ಹಣೆಯಲ್ಲಿ ಬೆವರು ಮೂಡಿತ್ತು, ಕೈ ನಡುಗುತ್ತಿತ್ತು. ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಸಕ್ಕರೆ ಇಳಿದು ಹೀಗಾಗುತ್ತದೆಂದು ನಮಗೆ ಗೊತ್ತಿತ್ತು. ಜೋಮು ಬಿಡಲಿ ಎಂದು ಕಾದು ಕೂರುವಂತಿರಲಿಲ್ಲ. ಎದುರಿಗಿದ್ದ ಅಂಗಡಿಯಲ್ಲಿ ಟೀ ಕುದಿಯುತ್ತಿತ್ತು. ಅಪ್ಪನ ಕಣ್ಣು ಅದರ ಮೇಲೆಯೇ. ಆ ಟೀ ಅವನ ತುಟಿಯನ್ನು ಸುಟ್ಟರೂ ಸಂಜೆಯವರೆಗೆ ಅವನಿಗೆ ತಿಳಿಯುತ್ತಿರಲಿಲ್ಲ. ತಣ್ಣನೆಯ ನೀರಿಗೆ ಮೂರು ಚಮಚ ಸಕ್ಕರೆ ಕದಡಿಸಿ ತಂದೆ.

ಅಪ್ಪ ಲೋಟವನ್ನು ಮೇಲಕ್ಕೆತ್ತಿ ತಲೆಯನ್ನು ಹಿಂದಕ್ಕೆ ಚೆಲ್ಲಿದ. ಪರರ ಲೋಟಕ್ಕೆ ತುಟಿ ತಾಕಿಸದೆ ಎತ್ತಿ ಕುಡಿಯುವುದು ಅವನಿಗೆ ಚಿಕ್ಕಂದಿನಲ್ಲಿಯೇ ಆದ ಪಾಠ. ಆ ಪಾಠವನ್ನು ಹೇಳಿಕೊಟ್ಟವರು ಯಾರು, ಏತಕ್ಕೆ ಎಂಬುದನ್ನು ನಮ್ಮ ಸಮಾಜಶಾಸ್ತ್ರದ ಉಪನ್ಯಾಸಕರು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಮರಗಟ್ಟಿದ ಬಾಯಿಗೆ ಆ ಪದ್ಧತಿ ಹೊಂದುವುದಿಲ್ಲ. ತಲೆ ಹಿಂದಕ್ಕೆ ಬಾಗಿದಾಗ ಧಾರೆ ನೇರವಾಗಿ ಗಂಟಲಿಗೆ ಬೀಳುತ್ತದೆ, ಅರ್ಧ ನಾಲಗೆಗೆ ಅದರ ಅಳತೆ ಸಿಗದು, ನೆತ್ತಿಗೆ ಹತ್ತುತ್ತದೆ. ಯಾರೋ ನೆನೆಸಿಕೊಂಡರು ಎಂದು ತಲೆ ತಟ್ಟಿ ಸುಮ್ಮನಾಗುವ ಸಮಯ ಅದಲ್ಲ.

"ತುಟಿ ತಾಕಿಸಿ ಕುಡಿಯಪ್ಪ" ಎಂದೆ. ಅಪ್ಪ ನನ್ನನ್ನು ನೋಡಲಿಲ್ಲ, ಅಂಗಡಿಯವನನ್ನು ನೋಡಿದ. ಅಂಗಡಿಯವನು ಹಾಲು ಕಾಯಿಸುವುದರಲ್ಲಿ ಮಗ್ನನಾಗಿದ್ದ. "ಪರವಾಗಿಲ್ವೇನವ್ವ?" ಎಂದು ಕೇಳಿದ. ಐವತ್ತೆಂಟು ವರ್ಷದ ಮನುಷ್ಯ, ದುಡ್ಡು ಕೊಟ್ಟು ಕೊಂಡ ನೀರು. ನೆಟ್ಟಗೆ ಕೂರಿಸಿ, ಲೋಟವನ್ನು ಜೋಮಿಲ್ಲದ ಎಡಗಡೆಗೆ ಹಿಡಿಸಿದೆ. ಗದ್ದವನ್ನು ತುಸು ತಗ್ಗಿಸಿ, ಒಂದೊಂದೇ ಗುಟುಕು. ಒಂದನ್ನು ಪೂರ್ತಿ ನುಂಗಿದ ಮೇಲೆ ಇನ್ನೊಂದು. ಬಲಗಡೆಯ ಕಟವಾಯಿಯ ಕಾವಲು ನನ್ನ ಕರವಸ್ತ್ರದ್ದು. ಲೋಟ ಬರಿದಾಗಲು ಬಹಳ ಹೊತ್ತು ಹಿಡಿಯಿತು. ಬೆವರು ಆರಿತು, ಕೈ ನಿಂತಿತು. ಸೊಂಟದ ಎಲೆಯಡಿಕೆ ಚೀಲವನ್ನು ಮಾತ್ರ ನಾನು ಇಸಿದುಕೊಂಡೆ. ಅದಕ್ಕೆ ಸ್ವಲ್ಪ ಜಗಳವೇ ಆಯಿತು.

ಮನೆಯಲ್ಲಿ ಅವ್ವನಿಗೆ ಯಾವ ಕಾಗದವನ್ನೂ ಓದಿ ಹೇಳಬೇಕಾಗಲಿಲ್ಲ. "ಬಾಯಿಗೆ ಗ್ಯಾನವಿಲ್ಲ" ಎಂದೆ, ಅಷ್ಟೇ. ಅಂಬಲಿಯನ್ನು ತೆಳ್ಳಗೆ ಮಾಡಿ ಆರಿಸಿ, ಒಂದು ಹನಿಯನ್ನು ಮುಂಗೈ ಹಿಂಬದಿಗೆ ಬಿಟ್ಟುಕೊಂಡು ನೋಡಿದಳು. ಕೂಸಿಗೆ ಹಾಲು ಹಾಕುವಾಗ ತಾಯಂದಿರು ಮಾಡುವ ಪರೀಕ್ಷೆ ಅದು. ಬಾಯಿ ಹೇಳಲಾರದ ಬಿಸಿಯನ್ನು ಕೈ ಹೇಳುತ್ತದೆ. ಆಮೇಲೆ ಅಟ್ಟದಿಂದ ಒಳಲೆಯನ್ನೂ ಇಳಿಸಿ ತಂದಳು, ನನಗೂ ತಮ್ಮನಿಗೂ ಹಾಲು ಹಾಕಿದ್ದ ಹಿತ್ತಾಳೆಯ ಒಳಲೆ. ಅಪ್ಪ ಅದನ್ನು ಕಂಡ ಬಗೆಯನ್ನು ಇಲ್ಲಿ ಬರೆಯುವುದು ಬೇಡ. "ಲೋಟ ತತ್ತಾ" ಎಂದ.

ದೀಪ ಹಚ್ಚುವ ಹೊತ್ತಿಗೆ ಜೋಮು ಬಿಟ್ಟಿತು. ಅಪ್ಪ ತುಟಿಯನ್ನು ಎರಡು ಬೆರಳಲ್ಲಿ ಚಿವುಟಿಕೊಂಡು, "ನೋಯ್ತದೆ ಕಣವ್ವ" ಎಂದು ಬಹಳ ಸಂತೋಷದಿಂದ ಹೇಳಿದ. ಬಿಸಿ ಕಾಫಿಯನ್ನು ಅವ್ವ ಮರುದಿನದವರೆಗೂ ಕೊಡಲಿಲ್ಲ.