ಎರಡನೆಯ ರೈಲು

ಬೈಲಹೊಂಗಲದ ಕಡೆಯವರು ನಗುತ್ತಿದ್ದದ್ದು ಮಾತಿಗೆ. ದೊಡ್ಡಾಟದಲ್ಲಿ ರಂಗಕ್ಕೆ ಬಂದ ರಾಜನನ್ನೂ ಸಾರಥಿ "ಯಾರಪಾ ನೀ?" ಎಂದು ಕೆಣಕಬೇಕು, ಆಗ ಜನ ಹೊಟ್ಟೆ ಹಿಡಿದುಕೊಳ್ಳಬೇಕು. ಇಂಥ ಊರಿಗೆ ಎಪ್ಪತ್ತರ ದಶಕದಲ್ಲಿ 16 ಎಂ.ಎಂ. ಪ್ರೊಜೆಕ್ಟರ್ ಜೊತೆ ಮೂಕಿ ಚಿತ್ರಗಳು ಬಂದವು. ಅವಕ್ಕೆ ಆಗಲೇ ಐವತ್ತು ದಾಟಿತ್ತು. ಸಾಲಿಯ ಅಂಗಳದಲ್ಲಿ ಕೂತು ನೋಡಿದೆವು. ನಡುನಡುವೆ ಬರುವ ಇಂಗ್ಲಿಷ್ ಅಕ್ಷರ ಯಾರಿಗೂ ಬೇಕಿರಲಿಲ್ಲ; ಹಿಂದೆ ಕೂತ ಹಿರಿಯರೊಬ್ಬರು ಸಾರಥಿಯ ಕೆಲಸ ತಾವೇ ವಹಿಸಿಕೊಂಡಿದ್ದರು. "ಈಗ ಬೀಳ್ತಾನ ನೋಡ್ರಿ!"

1916ರ 'ದಿ ಪಾನ್‌ಶಾಪ್'ನಲ್ಲಿ ಚಾಪ್ಲಿನ್ ಒತ್ತೆ ಅಂಗಡಿಯ ಆಳು. ಗಿರಾಕಿ ತಂದ ಅಲಾರಾಂ ಗಡಿಯಾರಕ್ಕೆ ಸ್ಟೆತಾಸ್ಕೋಪ್ ಹಚ್ಚುತ್ತಾನೆ, ಡಬ್ಬಿ ಕೊರೆಯುವ ಸಾಧನದಿಂದ ಅದನ್ನು ಬಿಚ್ಚುತ್ತಾನೆ, ಚೂರುಗಳನ್ನೆಲ್ಲ ಗಿರಾಕಿಯ ಟೊಪಿಗೆಗೇ ಸುರಿದು ಬೇಡವೆಂದು ತಲೆಯಾಡಿಸುತ್ತಾನೆ. ಒತ್ತೆ ಇಡಲು ಹೋಗಿ ಬಂದವರಿಗೆ ಆ ತಲೆಯಾಟ ಹೊಸದಲ್ಲ.

ಆ ಚಿತ್ರಗಳಲ್ಲಿ ಎಲ್ಲರೂ ಟಕಟಕ ಓಡುತ್ತಿದ್ದದ್ದೇ ಮಜಾ ಎಂದು ಈಗ ನೆನೆಯುವವರು ಬಹಳ. ಅದರಲ್ಲಿ ಅರ್ಧ ಯಂತ್ರದ ಕರಾಮತ್ತು. ಕೈಯಿಂದ ತಿರುವುವ ಕ್ಯಾಮೆರಾದಲ್ಲಿ ಸೆಕೆಂಡಿಗೆ 16, 18 ಚೌಕಟ್ಟಿನಂತೆ ತೆಗೆದದ್ದನ್ನು ಮಾತಿನ ಚಿತ್ರದ 24ರ ವೇಗದಲ್ಲಿ ಬಿಟ್ಟರೆ ಎಂಥ ಗಂಭೀರ ಗೌಡನೂ ಕುಣಿದಂತೆ ಕಾಣುತ್ತಾನೆ. ಅಂದಿನ ನಗೆ ಶುದ್ಧವಾಗಿತ್ತು ಎನ್ನುವುದೂ ಸುಳ್ಳು. ದಪ್ಪ ಮನುಷ್ಯ ಬಿದ್ದದ್ದಕ್ಕೇ ನಾವು ಎಲ್ಲಕ್ಕಿಂತ ಜೋರಾಗಿ ನಕ್ಕದ್ದು.

ಈಗ ಸವದತ್ತಿಯ ಬಸ್ಸಿನಲ್ಲಿ, ರಾಮದುರ್ಗದ ಚಹಾದಂಗಡಿಯಲ್ಲಿ ಅವೇ ಚಿತ್ರಗಳ ತುಂಡುಗಳು ಮೊಬೈಲಿನಲ್ಲಿ ಓಡುತ್ತವೆ. ನಮ್ಮ ಗೀರುಬಿದ್ದ ರೀಲಿಗಿಂತ ಎಷ್ಟೋ ಸ್ವಚ್ಛ. ಇಲ್ಲವಾದದ್ದು ಕಾಯುವಿಕೆ. ಬಸ್ಟರ್ ಕೀಟನ್‌ನ 'ಒನ್ ವೀಕ್' (1920) ಚಿತ್ರದಲ್ಲಿ ಎಳೆದೊಯ್ಯುತ್ತಿದ್ದ ಮನೆ ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬಂತು, ಎಲ್ಲ ಹೋಯಿತು ಎನ್ನುವಷ್ಟರಲ್ಲಿ ಅದು ಪಕ್ಕದ ಹಳಿಯಲ್ಲಿ ಸಾಗಿಹೋಗುತ್ತದೆ. ಉಸಿರು ಬಿಡುತ್ತೇವೆ. ಆಗ ಎದುರಿನಿಂದ ಬಂದ ಇನ್ನೊಂದು ರೈಲು ಮನೆಯನ್ನು ಪುಡಿ ಮಾಡುತ್ತದೆ. ಪಕ್ಕದ ಸೀಟಿನ ಹುಡುಗನ ಮೊಬೈಲಿನಲ್ಲಿ ಇದ್ದದ್ದು ಎರಡನೆಯ ರೈಲು ಮಾತ್ರ. ಅಷ್ಟನ್ನೇ ನೋಡಿದರೆ ನಗುವುದಕ್ಕೇನಿದೆ?

ಕಾಯಿಸಿ ನಗಿಸುವುದು ನಮ್ಮಲ್ಲೂ ನಡೆದಿದೆ. ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲಿ ತೆಗೆದ 'ಪುಷ್ಪಕ ವಿಮಾನ'ದಲ್ಲಿ (1987) ಮಾತೇ ಇಲ್ಲ. ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಬಾರದ ಕಮಲಹಾಸನ್, ಹಳೇ ಕೋಣೆಯ ಪಕ್ಕದ ಟಾಕೀಜಿನ ಗದ್ದಲವನ್ನು ಟೇಪ್ ಮಾಡಿ ತಂದು, ಅದನ್ನು ಹಚ್ಚಿ ಮಲಗುತ್ತಾನೆ.

ಮಕ್ಕಳಿಗೆ ತೋರಿಸುವುದಿದ್ದರೆ ಮೊದಲಿನಿಂದ ತೋರಿಸಿ. 'ಒನ್ ವೀಕ್' ಎರಡೇ ರೀಲಿನ ಚಿತ್ರ.