ಘಾಟಿಯ ಮಂಜು, ಮೂಗಿನ ಮಂಜು

ನನ್ನ ಮನೆ ಘಾಟಿಯ ಕೆಳಗೆ, ಕೆಲಸ ಘಾಟಿಯ ಮೇಲೆ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಉಜಿರೆ ಬಿಟ್ಟು, ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಶಾಲೆ ಸೇರಿದರೆ ಪ್ರಾರ್ಥನೆಗೆ ಇನ್ನೂ ಬೇಕಾದಷ್ಟು ಹೊತ್ತಿರುತ್ತದೆ. ವಾರವೆಲ್ಲ ಮೇಲೆ, ಶನಿವಾರ ಸಂಜೆ ಮತ್ತೆ ಕೆಳಗೆ. ಬಸ್ಸು ಇಲ್ಲವಾ ಅಂತ ಕೇಳಬೇಡಿ. ಬಸ್ಸು ಉಂಟು. ಆದರೆ ಕೊಟ್ಟಿಗೆಹಾರದಿಂದ ಶಾಲೆಗೆ ಹೋಗುವ ಒಳದಾರಿಗೆ ಬಸ್ಸಿಲ್ಲ. ಹಾಗಾಗಿ ಬೈಕು.

ಈ ದಾರಿಗೆ ಒಂದು ಗುಣ ಉಂಟು. ಉಜಿರೆಯಿಂದ ಕೊಟ್ಟಿಗೆಹಾರ ಪೂರ್ವಕ್ಕೆ. ಅಂದರೆ ಬೆಳಿಗ್ಗೆ ಹತ್ತುವಾಗ ಸೂರ್ಯ ಎದುರಿಗೆ, ಸಂಜೆ ಇಳಿಯುವಾಗಲೂ ಎದುರಿಗೆ. ಅದೂ ನೇರವಾಗಿ ಅಲ್ಲ. ಹನ್ನೊಂದು ಹೇರ್‌ಪಿನ್ ತಿರುವುಗಳಲ್ಲಿ ಒಮ್ಮೆ ಎಡಗಣ್ಣಿಗೆ, ಒಮ್ಮೆ ಬಲಗಣ್ಣಿಗೆ, ಒಮ್ಮೆ ಗುಡ್ಡದ ಹಿಂದೆ ಅಡಗಿ ಪೂರ್ತಿ ಕತ್ತಲು. ಮರಗಳ ಅಡಿ ಬಂದರೆ ಯಾರೋ ಸ್ವಿಚ್ ಹಾಕಿ ತೆಗೆದು ಮಾಡಿದ ಹಾಗೆ ಬಿಸಿಲು-ನೆರಳು. ಇದರ ನಡುವೆ ಮಂಜು. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಕೈ ಮುಗಿಯುವಾಗ ಎಲ್ಲ ಸ್ಪಷ್ಟ ಕಾಣುತ್ತಿರುತ್ತದೆ, ಎರಡು ತಿರುವು ದಾಟಿದರೆ ಮುಂದಿನ ಲಾರಿಯ ಹಿಂಬದಿಯ ಕೆಂಪು ದೀಪ ಮಾತ್ರ. ಅದೂ ಲಾರಿಗೆ ದೀಪ ಇದ್ದರೆ!

ಹೀಗೆ ವರ್ಷಗಟ್ಟಲೆ ಹತ್ತಿ ಇಳಿದ ಮೇಲೆ ನನಗೆ ಹೆಲ್ಮೆಟ್ಟಿಗಿಂತ ಹೆಚ್ಚು ತಲೆ ತಿಂದದ್ದು ಅದರ ಗ್ಲಾಸು. ವೈಸರ್ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತದೆ, ನಮ್ಮ ಕಡೆ ಎಲ್ಲರಿಗೂ ಅದು ಗ್ಲಾಸೇ. ಹೆಲ್ಮೆಟ್ ಕೊಳ್ಳುವಾಗ ಐಎಸ್‌ಐ ಗುರುತು ನೋಡುತ್ತೇವೆ, ಕೆಲವರು ಐಎಸ್ 4151 ಅಂತ ನಂಬರನ್ನೂ ಓದುತ್ತಾರೆ. ಗ್ಲಾಸಿನ ವಿಷಯ ಬಂದಾಗ ಮಾತ್ರ ಕೇಳುವುದು ಒಂದೇ ಪ್ರಶ್ನೆ: "ಬೇರೆ ಕಲರ್ ಇಲ್ವಾ?"

ಮೊದಲು ಮಂಜಿನ ಲೆಕ್ಕ. ಘಾಟಿಯಲ್ಲಿ ಇರುವುದು ಒಂದು ಮಂಜಲ್ಲ, ಎರಡು. ಒಂದು ಹೊರಗಿನದ್ದು, ಅದು ದೇವರದ್ದು. ಇನ್ನೊಂದು ಗ್ಲಾಸಿನ ಒಳಗಿನದ್ದು, ಅದು ನಮ್ಮ ಮೂಗಿನದ್ದು. ಉಸಿರು ಬಿಸಿ, ತೇವ ತುಂಬಿದ್ದು. ಗ್ಲಾಸು ಹೊರಗಿನ ಗಾಳಿಗೆ ತಣ್ಣಗಾಗಿರುತ್ತದೆ. ತಣ್ಣನೆಯ ಚೊಂಬಿನ ಮೇಲೆ ನೀರು ಕೂತ ಹಾಗೆ ಉಸಿರಿನ ತೇವ ಗ್ಲಾಸಿನ ಮೇಲೆ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಒಂದೊಂದು ಹನಿಯೂ ಬೆಳಕನ್ನು ಬೇಕಾದ ಕಡೆಗೆಲ್ಲ ಚೆದುರಿಸುತ್ತದೆ. ನಮಗೆ ಕಾಣುವುದು ಬಿಳಿ ಗೋಡೆ. ಕೊರೊನಾ ಕಾಲದಲ್ಲಿ ಮಾಸ್ಕ್ ಹಾಕಿದ ಕನ್ನಡಕದವರಿಗೆಲ್ಲ ಈ ಪಾಠ ಆಗಿದೆ, ಹೆಚ್ಚು ಹೇಳುವುದು ಬೇಡ. ನನಗೆ ಕನ್ನಡಕವೂ ಉಂಟು, ಆದ್ದರಿಂದ ಗೋಡೆ ಎರಡು.

ತಮಾಷೆ ಏನೆಂದರೆ, ಹೆಚ್ಚಿನವರು ಬೈಯುವುದು ಹೊರಗಿನ ಮಂಜನ್ನು. "ಇವತ್ತು ಘಾಟಿಯಲ್ಲಿ ಎಂತದೂ ಕಾಣುದಿಲ್ಲ ಮಾರಾಯ್ರೆ" ಅನ್ನುತ್ತಾರೆ. ಗ್ಲಾಸು ಎತ್ತಿ ನೋಡಿದರೆ ಮೂವತ್ತು ಮೀಟರು ಆರಾಮಾಗಿ ಕಾಣುತ್ತದೆ! ಅಲ್ಲಿಗೆ ಅದು ದೇವರ ಮಂಜಲ್ಲ.

ಒಳಗಿನ ಮಂಜಿಗೆ ಮದ್ದು ಬೇಕಾದಷ್ಟು ಜನ ಹೇಳುತ್ತಾರೆ. ಹಿಂದೆ ಬಸ್ಸಿನ ಡ್ರೈವರುಗಳು ಮಳೆಗಾಲದಲ್ಲಿ ಗಾಜಿಗೆ ಹೊಗೆಸೊಪ್ಪು ಉಜ್ಜುತ್ತಿದ್ದರಲ್ಲ, ಅದೇ ಜಾತಿಯವು. ಬಟಾಟೆ ತುಂಡು ಉಜ್ಜಿ, ಶ್ಯಾಂಪೂ ಹಚ್ಚಿ, ಶೇವಿಂಗ್ ಕ್ರೀಮ್ ಹಚ್ಚಿ ಒರೆಸಿ. ಸಾಬೂನಿನ ಕಡೆಯವುಗಳಲ್ಲಿ ಸತ್ಯ ಉಂಟು. ಸಾಬೂನಿನ ತೆಳು ಪದರ ಇದ್ದರೆ ನೀರು ಹನಿಯಾಗಿ ನಿಲ್ಲದೆ ಹಾಳೆಯ ಹಾಗೆ ಹರಡುತ್ತದೆ, ಹಾಳೆಯ ಮೂಲಕ ಕಣ್ಣು ಕಾಣುತ್ತದೆ. ಆದರೆ ಅದು ಒಂದು ದಿನದ ಮಾತು. ಟೂತ್‌ಪೇಸ್ಟ್ ಅಂತ ಹೇಳುವವರ ಮಾತು ಮಾತ್ರ ದಯವಿಟ್ಟು ಕೇಳಬೇಡಿ. ಗ್ಲಾಸು ಅಂತ ಕರೆದರೂ ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಸುತ್ತಿಗೆಯಲ್ಲಿ ಹೊಡೆದರೂ ಸುಲಭಕ್ಕೆ ಒಡೆಯದು, ಪೇಸ್ಟಿನಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಪೆಟ್ರೋಲು ಇವೂ ಅದಕ್ಕೆ ಆಗುವುದಿಲ್ಲ.

ಎಲ್ಲಕ್ಕಿಂತ ಅಗ್ಗದ ಉಪಾಯ ಗಾಳಿ. ಗಲ್ಲದ ಹತ್ತಿರದ ಕಿಂಡಿ ತೆರೆದಿಡುವುದು, ಗ್ಲಾಸನ್ನು ಒಂದೇ ಒಂದು ಕ್ಲಿಕ್ ಎತ್ತಿಡುವುದು. ಚಳಿ ಅಂತ ಕೆಲವರು ಗಲ್ಲದ ಕೆಳಗೆ ಬಟ್ಟೆ ಸುತ್ತಿ ಎಲ್ಲ ಸಂದು ಮುಚ್ಚುತ್ತಾರೆ. ಆಮೇಲೆ ಒಳಗೆ ಇಡ್ಲಿ ಪಾತ್ರೆ.

ಹಣ ಖರ್ಚು ಮಾಡಿ ಸಮಾಧಾನ ಸಿಕ್ಕಿದ್ದು ಪಿನ್‌ಲಾಕ್‌ನಿಂದ. ಅದೂ ಒಂದು ಪ್ಲಾಸ್ಟಿಕ್ ಹಾಳೆಯೇ, ನೆದರ್‌ಲ್ಯಾಂಡ್ಸ್ ಮೂಲದ್ದು. ಗ್ಲಾಸಿನ ಒಳಬದಿಯಲ್ಲಿ ಎರಡು ಪಿನ್ನು, ಅವುಗಳ ನಡುವೆ ಈ ಹಾಳೆ ಬಾಗಿ ಕೂರುತ್ತದೆ. ಸುತ್ತಲೂ ಸಿಲಿಕೋನ್ ಅಂಚು ಇರುವುದರಿಂದ ಹಾಳೆಗೂ ಗ್ಲಾಸಿಗೂ ನಡುವೆ ಸ್ವಲ್ಪ ಗಾಳಿ ಸಿಕ್ಕಿಬೀಳುತ್ತದೆ. ಚಳಿದೇಶದ ಮನೆಗಳ ಜೋಡಿ ಗಾಜಿನ ಕಿಟಕಿ ಇದ್ದ ಹಾಗೆ. ಹೊರಗಿನ ಗ್ಲಾಸು ತಣ್ಣಗಾದರೂ ಒಳಗಿನ ಹಾಳೆ ಅಷ್ಟು ತಣ್ಣಗಾಗುವುದಿಲ್ಲ. ಮೇಲಿಂದ ಆ ಹಾಳೆ ತೇವವನ್ನು ತಾನೇ ಸ್ವಲ್ಪ ಹೀರಿಕೊಳ್ಳುತ್ತದೆ. ನನಗೆ ಸಾವಿರದ ಮೇಲೆ ಚಿಲ್ಲರೆ ಬಿತ್ತು. ಎಲ್ಲ ಹೆಲ್ಮೆಟ್ಟಿಗೂ ಇದು ಕೂರುವುದಿಲ್ಲ, ಪಿನ್ನು ಇರುವ ಗ್ಲಾಸೇ ಬೇಕು. ಅಂಚು ಸುತ್ತಲೂ ಸರಿಯಾಗಿ ಅಂಟಿ ಕೂತಿದೆಯಾ ಅಂತ ನೋಡಬೇಕು. ಇಲ್ಲದಿದ್ದರೆ ತೇವ ಎರಡರ ನಡುವೆ ಹೋಗಿ ಕೂರುತ್ತದೆ, ಅಲ್ಲಿ ಬೆರಳು ಹಾಕಿ ಒರೆಸಲಿಕ್ಕೂ ಬರುವುದಿಲ್ಲ. ಪಿನ್ನನ್ನು ಸ್ವಲ್ಪ ತಿರುಗಿಸಿದರೆ ಹಾಳೆ ಬಿಗಿಯಾಗುತ್ತದೆ. ರಾತ್ರಿ ಎದುರಿನ ಹೆಡ್‌ಲೈಟಿಗೆ ಒಂದು ಸಣ್ಣ ನೆರಳುದೀಪ ಪಕ್ಕದಲ್ಲಿ ಕಾಣುವುದುಂಟು. ವಾರದಲ್ಲಿ ರೂಢಿಯಾಯಿತು.

ಹೊರಗಿನ ಮಂಜಿಗೆ ಇದ್ಯಾವುದೂ ಮದ್ದಲ್ಲ. ಅದಕ್ಕೆ ಎಡಗೈಯ ತೋರುಬೆರಳು, ಡಿಮ್ ಲೈಟು, ಕಡಿಮೆ ಸ್ಪೀಡು, ಅಷ್ಟೆ. ಬ್ರೈಟ್ ಹಾಕಿದರೆ ನಮ್ಮ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ಸು ಬರುತ್ತದೆ.

ಇನ್ನು ಬಣ್ಣದ ವಿಷಯ. ಇಲ್ಲಿಗೆ ನನ್ನ ಅಕ್ಕನ ಮಗ ಬರುತ್ತಾನೆ. ಅವನಿಗೆ ಮೂಡಿಗೆರೆಯಲ್ಲಿ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ಅವನೂ ನನ್ನದೇ ದಾರಿ, ಆದರೆ ಅವನು ಇಳಿಯುವುದು ಶುಕ್ರವಾರ ಕೆಲಸ ಮುಗಿದ ಮೇಲೆ. ಅರ್ಧ ಘಾಟಿಗೆ ಕತ್ತಲಾಗಿರುತ್ತದೆ. ಅಕ್ಕ ಫೋನು ಮಾಡಿದಳು. "ಅವ ಹೆಲ್ಮೆಟ್ಟಿಗೆ ಕಪ್ಪು ಗ್ಲಾಸು ಹಾಕಿಸ್ತಾನಂತೆ. ನಾನು ಹೇಳಿದ್ರೆ ಕೇಳುದಿಲ್ಲ. ನೀನೊಮ್ಮೆ ಹೇಳು." ಶುಕ್ರವಾರ ರಾತ್ರಿ ಅವನ ಬೈಕು ಅಂಗಳಕ್ಕೆ ಬರುವ ತನಕ ಅವಳು ಊಟಕ್ಕೆ ಕೂರುವುದಿಲ್ಲ. ಭಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇರುವುದು ಇಬ್ಬರೇ.

ಅವನನ್ನು ಕರೆದುಕೊಂಡು ಅಂಗಡಿಗೆ ಹೋದೆ. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದರು: ಸ್ಮೋಕ್, ಮರ್ಕ್ಯುರಿ, ಹಳದಿ, ನೀಲಿ ಮಿಂಚುವುದು, ಕೊನೆಯಲ್ಲಿ ಧೂಳು ಹಿಡಿದ ಒಂದು ಪ್ಲೇನ್.

"ಮಾವ, ಸ್ಮೋಕ್ ಹಾಕಿದ್ರೆ ಲುಕ್ಕೇ ಬೇರೆ."

"ಲುಕ್ಕು ನೋಡ್ಲಿಕ್ಕೆ ಘಾಟಿಯಲ್ಲಿ ಯಾರುಂಟು ಮಾರಾಯ? ಮಂಗಗಳು ಮಾತ್ರ."

"ಕತ್ತಲಾದ್ರೆ ಗ್ಲಾಸ್ ಎತ್ತಿದ್ರಾಯ್ತಲ್ಲ ಮಾವ."

ಎತ್ತಬಹುದು. ಎತ್ತಿದ ಮೇಲೆ ಜಿನುಗು ಮಳೆ ಕಣ್ಣಿಗೆ, ಬೆಳಕಿಗೆ ಬರುವ ಹುಳ ಕಣ್ಣಿಗೆ, ಚಳಿಗಾಳಿಗೆ ಕಣ್ಣಲ್ಲಿ ನೀರು. ಆದರೆ ನನಗೆ ಹೆದರಿಕೆ ಇದ್ದದ್ದು ಅದರದ್ದಲ್ಲ. ನನ್ನ ಪರಿಚಯದ ಒಬ್ಬರು ಡಿಸೆಂಬರಿನ ಒಂದು ಸಂಜೆ ಕಪ್ಪು ಗ್ಲಾಸಿನಲ್ಲಿ ಇಳಿಯುತ್ತಾ ತಿರುವಿನ ತಡೆಗೋಡೆಗೆ ಹೊಡೆದರು. ಈಗ ಕೋಲು ಹಿಡಿದು ನಡೆಯುತ್ತಾರೆ. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವರು ಹೇಳಿದ್ದು ಒಂದೇ ಮಾತು, "ಕತ್ತಲಾದದ್ದು ಗೊತ್ತೇ ಆಗ್ಲಿಲ್ಲ." ಬಿಸಿಲಿನಲ್ಲಿ ಹೊರಟಿರುತ್ತೇವೆ, ಗ್ಲಾಸು ತಂಪಾಗಿರುತ್ತದೆ. ಬೆಳಕು ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಗ್ಲಾಸು ಎತ್ತಬೇಕು ಅಂತ ಅನಿಸುವ ಕ್ಷಣವೇ ಬರುವುದಿಲ್ಲ. ಯುರೋಪಿನ ಹಿಂದಿನ ಇಸಿಇ 22.05 ನಿಯಮದಲ್ಲಿ ನೂರಕ್ಕೆ 80ಕ್ಕಿಂತ ಕಡಿಮೆ ಬೆಳಕು ಬಿಡುವ ಗ್ಲಾಸಿನ ಮೇಲೆ ಹಗಲಿಗೆ ಮಾತ್ರ ಅಂತ ಗುರುತು ಹಾಕಬೇಕಿತ್ತು, 50ಕ್ಕಿಂತ ಕೆಳಗಿನದ್ದಕ್ಕೆ ಒಪ್ಪಿಗೆಯೇ ಇರಲಿಲ್ಲ. ನಮ್ಮ ಗೋಡೆಗೆ ತೂಗುಹಾಕಿದ್ದ ಕೆಲವನ್ನು ಕಣ್ಣಿಗೆ ಹಿಡಿದು ನೋಡಿದೆ. ಅಂಗಡಿಯ ಟ್ಯೂಬ್‌ಲೈಟೇ ಸರಿ ಕಾಣಲಿಲ್ಲ.

ಅಂಗಡಿಯವರು ನಮ್ಮ ಜಗಳಕ್ಕೆ ರಾಜಿ ಸೂತ್ರ ತಂದರು. "ಹಳದಿ ಹಾಕಿ ಸರ್, ಮಂಜಿಗೆ ಅದೇ ಬೆಸ್ಟ್." ಇದು ಎಲ್ಲ ಕಡೆ ಓಡಾಡುವ ಮಾತು. ಹಳದಿ ಗ್ಲಾಸಿನಲ್ಲಿ ಮೋಡದ ದಿನ ಎಲ್ಲ ಸ್ವಲ್ಪ ಉಜ್ವಲವಾಗಿ ಕಂಡ ಹಾಗೆ ಅನಿಸುವುದು ನಿಜ. ಆದರೆ ಅದು ಮಂಜನ್ನು ಸೀಳುವುದಿಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಬಹಳ ದೊಡ್ಡದು. ಅದು ನೀಲಿ, ಹಳದಿ, ಕೆಂಪು ಅಂತ ಭೇದ ಮಾಡದೆ ಎಲ್ಲವನ್ನೂ ಒಂದೇ ಸಮ ಚೆದುರಿಸುತ್ತದೆ. ಅದಕ್ಕೇ ಮಂಜು ಬೆಳ್ಳಗಿರುವುದು. ಹಳದಿ ಗ್ಲಾಸು ಬರುವ ಬೆಳಕಿನಲ್ಲಿ ಒಂದಿಷ್ಟನ್ನು ತಡೆಯುತ್ತದೆ, ಹೊಸದಾಗಿ ಏನನ್ನೂ ತಂದುಕೊಡುವುದಿಲ್ಲ.

ಹುಡುಗ ಮೊಬೈಲಿನಲ್ಲಿ ಇನ್ನೊಂದು ತೋರಿಸಿದ: ಬಿಸಿಲಿಗೆ ತಾನೇ ಕಪ್ಪಾಗಿ, ನೆರಳಿಗೆ ತಾನೇ ತಿಳಿಯಾಗುವುದು. ಫೋಟೊಕ್ರೊಮಿಕ್. ಬೆಲೆ ನೋಡಿ ಇಬ್ಬರೂ ಸುಮ್ಮನಾದೆವು. ಆದರೆ ದುಡ್ಡಿದ್ದರೂ ನಮ್ಮ ಘಾಟಿಗೆ ಅದನ್ನು ನಾನು ಆರಿಸುವುದಿಲ್ಲ. ಅದು ಕಪ್ಪಾಗುವುದು ಕಣ್ಣಿಗೆ ಕಾಣುವ ಬೆಳಕಿಗಿಂತ ಹೆಚ್ಚಾಗಿ ನೇರಳಾತೀತ ಕಿರಣಕ್ಕೆ. ಮೋಡದ ಮೂಲಕವೂ ಆ ಕಿರಣ ಸಾಕಷ್ಟು ಇಳಿಯುತ್ತದೆ. ಕಪ್ಪಾಗುವುದು ಬೇಗ, ತಿಳಿಯಾಗುವುದು ನಿಧಾನ, ಚಳಿಯಲ್ಲಿ ಇನ್ನೂ ನಿಧಾನ. ಬಯಲುಸೀಮೆಯ ಉದ್ದದ ರಸ್ತೆಗೆ ಬಹಳ ಒಳ್ಳೆಯದು, ಚಿತ್ರದುರ್ಗದ ಕಡೆ ಹೋಗುವವರು ಖಂಡಿತ ಹಾಕಲಿ. ನಮ್ಮಲ್ಲಿ ಬಿಸಿಲಿನ ತಿರುವಿನಿಂದ ಮರದಡಿಯ ತಿರುವಿಗೆ ಹತ್ತು ಸೆಕೆಂಡು. ಅದು ತಿಳಿಯಾಗುವಷ್ಟರಲ್ಲಿ ಮುಂದಿನ ಬಿಸಿಲು ಬಂದಿರುತ್ತದೆ.

ಬೆಳಕು ಬದಲಾಗುವ ದಾರಿಗೆ ಕೈಯಲ್ಲಿ ಎಳೆದು ಬಿಡುವ ವಸ್ತುವೇ ಮೇಲು. ಕೆಲವು ಹೆಲ್ಮೆಟ್ಟಿನಲ್ಲಿ ಪ್ಲೇನ್ ಗ್ಲಾಸಿನ ಒಳಗೆ ಒಂದು ಸಣ್ಣ ಕಪ್ಪು ಗ್ಲಾಸು ಇರುತ್ತದೆ, ಪಕ್ಕದ ಸಣ್ಣ ಗುಬುಟು ಸರಿಸಿದರೆ ಇಳಿಯುತ್ತದೆ, ಏರುತ್ತದೆ. ಬಿಸಿಲಿನ ತಿರುವಿಗೆ ಇಳಿಸಿ, ನೆರಳಿಗೆ ಏರಿಸಿ. ನನ್ನದು ಅದೇ. ಕನ್ನಡಕಕ್ಕೆ ತಾಗುತ್ತದೆಯಾ ಅಂತ ಅಂಗಡಿಯಲ್ಲೇ ಹಾಕಿ ನೋಡಬೇಕು, ನನ್ನದು ಕೂದಲೆಳೆಯಲ್ಲಿ ತಪ್ಪಿದೆ.

ಇನ್ನೊಂದು ಮಾತು ಹೇಳಲೇಬೇಕು. ಎಂಥ ಗ್ಲಾಸಾದರೂ ಗೀರು ಬಿದ್ದ ಮೇಲೆ ಅದರ ಕತೆ ಮುಗಿಯಿತು. ಹಗಲಿನಲ್ಲಿ ಗೊತ್ತಾಗುವುದಿಲ್ಲ. ರಾತ್ರಿ ಎದುರಿನಿಂದ ಬಸ್ಸು ಬಂದಾಗ ಒಂದೊಂದು ಗೀರೂ ಹೊತ್ತಿಕೊಳ್ಳುತ್ತದೆ. ಬ್ರೇಕ್ ಶೂ ಸವೆದರೆ ಬದಲಿಸುತ್ತೇವಲ್ಲ, ಹಾಗೆ ಇದನ್ನೂ ಬದಲಿಸಬೇಕು. ನಾನು ಪ್ರತಿ ಮಳೆಗಾಲದ ಮೊದಲು ಬದಲಿಸುತ್ತೇನೆ. ಹೆಂಡತಿಗೆ ಇದು ದುಂದುವೆಚ್ಚ ಅಂತ ಅನಿಸಿದೆ, ಬಾಯಿಬಿಟ್ಟು ಹೇಳಿಲ್ಲ.

ಹುಡುಗನ ಹೆಲ್ಮೆಟ್ಟಿನಲ್ಲಿ ಒಳಗಿನ ಕಪ್ಪು ಗ್ಲಾಸು ಇಲ್ಲ. ಅದಕ್ಕೆ ಧೂಳು ಹಿಡಿದ ಆ ಪ್ಲೇನ್ ಗ್ಲಾಸನ್ನೇ ಇಳಿಸಿ, ನೀರಲ್ಲಿ ತೊಳೆಸಿ ಹಾಕಿಸಿದೆವು. ಅವನ ಮುಖ ಸಣ್ಣದಾಯಿತು. ಆಗ ರೇಸಿನವರ ಒಂದು ಉಪಾಯ ಹೇಳಿಕೊಟ್ಟೆ: ಗ್ಲಾಸಿನ ಮೇಲಂಚಿಗೆ, ಹಣೆಯ ನೇರಕ್ಕೆ, ಒಂದು ಕಪ್ಪು ಸ್ಟಿಕ್ಕರಿನ ಪಟ್ಟಿ. ಸೂರ್ಯ ಎದುರಾದಾಗ ತಲೆ ಸ್ವಲ್ಪ ಬಗ್ಗಿಸಿದರೆ ಪಟ್ಟಿ ಅಡ್ಡ ಬರುತ್ತದೆ, ರಸ್ತೆ ಪಟ್ಟಿಯ ಕೆಳಗೆ ಪೂರ್ತಿ ತೆರೆದಿರುತ್ತದೆ. ಕತ್ತಲಲ್ಲಿ ಅದು ಅಲ್ಲಿದೆ ಅಂತಲೇ ನೆನಪಿರುವುದಿಲ್ಲ.

ಮರುವಾರ ಫೋಟೋ ಕಳಿಸಿದ್ದ. ಕಪ್ಪು ಪಟ್ಟಿ ಅಂಟಿಸಿದ್ದಾನೆ, ಅದರ ಮೇಲೆ ಹಳದಿ ಅಕ್ಷರದಲ್ಲಿ ಬರೆಸಿದ್ದಾನೆ: "ಅಮ್ಮ ಕಾಯ್ತಿದ್ದಾಳೆ." ಕೆಳಗೆ ಒಂದು ಸಾಲು, "ಮಾವ, ಲುಕ್ ಹೇಗುಂಟು?"