ಹೊಲದಲ್ಲಿ ಗಿಡ, ಪಟ್ಟಣದಲ್ಲಿ ನಾವು

ಪುಣೆಯಲ್ಲಿ ಬೇರೂರಿದ ಕನ್ನಡ ಮನೆತನಗಳಲ್ಲಿ ಊರಿನ ಹೊಲದ ಮಾತು ಬಾರದ ಮನೆ ವಿರಳ. ಉತಾರದಲ್ಲಿ ನಮ್ಮ ಹೆಸರಿದೆ, ಹೊಲದಲ್ಲಿ ನಮ್ಮ ಹೆಜ್ಜೆಯಿಲ್ಲ. ಮಾರಲು ಮನಸ್ಸು ಬಾರದು, ಮಾಡಲು ಕೈಲಾಗದು. ಇಂಥ ಇಕ್ಕಟ್ಟಿನಲ್ಲಿ ನಮ್ಮವರಿಗೆ ಹೊಳೆಯುವ ಉಪಾಯ ಸಾಮಾನ್ಯವಾಗಿ ಒಂದೇ: “ಗಿಡ ಹಚ್ಚಿ ಬಿಟ್ಟುಬಿಡೋಣ. ಇಪ್ಪತ್ತು ವರುಷಕ್ಕೆ ತಾವೇ ದೊಡ್ಡವಾಗುತ್ತವೆ.”

ತಂದೆಯವರು ತೀರಿಕೊಂಡ ಮೇಲೆ ನಾವು ಅಣ್ಣತಮ್ಮಂದಿರು ಮೂವರ ಮುಂದೆಯೂ ಇದೇ ವಿಚಾರ ಬಂದಿತು. ಧಾರವಾಡ ಜಿಲ್ಲೆಯಲ್ಲಿ ನಮ್ಮದು ನಾಲ್ಕು ಎಕರೆ ಇಳಿಜಾರಿನ ಮಸಾರಿ ಹೊಲ. ಅದನ್ನು ಉಳುವವನು ನಮ್ಮ ಕಾಕಾನ ಮಗ. ನಾಲ್ಕೂ ಎಕರೆಗೆ ಸಾಗವಾನಿ ಹಚ್ಚುವ ಮಾತೆತ್ತಿದಾಗ ಆತ ಬೇಡವೆನ್ನಲಿಲ್ಲ. “ಅಣ್ಣಾ, ಗಿಡಾ ಹಚ್ಚಾಕ ಎರಡ ದಿನ ಸಾಕು. ಹೊಲದಾಗಿನ ಮಣ್ಣು ವರ್ಷಾ ವರ್ಷಾ ಹಳ್ಳಾ ಸೇರಾಕ ಹತ್ತೇತಿ, ಅದನ್ನ ಮೊದಲ ತಡೀಬೇಕು. ಮತ್ತ ನಾಲ್ಕೂ ಎಕರೆಕ್ಕ ಗಿಡಾ ಆದ್ರ ನಾ ಏನ ಬಿತ್ತಲಿ?” ಎಂದ.

ಈ ಎರಡು ಮಾತುಗಳಲ್ಲಿ ಕೃಷಿ ಅರಣ್ಯದ ಸಾರವೆಲ್ಲ ಅಡಗಿದೆ.

ಮೊದಲನೆಯದು ನೆಲದ ಮಾತು. ಇಳಿಜಾರಿನ ಮೇಲ್ಮಣ್ಣು ಮಳೆಯೊಡನೆ ಜಾರಿಹೋದರೆ ಉಳಿಯುವುದು ಗರಸು. ಅಲ್ಲಿ ನೆಟ್ಟ ಸಸಿ ಮಳೆಗಾಲದಲ್ಲಿ ಚಿಗುರಿ ಬೇಸಿಗೆಯಲ್ಲಿ ಒಣಗುತ್ತದೆ. ಆದ್ದರಿಂದ ನಮ್ಮ ಹೊಲದಲ್ಲಿ ಮೊದಲು ಆದದ್ದು ಇಳಿಜಾರಿಗೆ ಅಡ್ಡಲಾಗಿ ತೋಡಿದ ಕಾಲುವೆಗಳು. ತೋಡಿದ ಮಣ್ಣನ್ನು ಕೆಳಬದಿಗೆ ಹಾಕಿದರೆ ಅದೇ ಒಡ್ಡು. ಹರಿದು ಬಂದ ನೀರು ಕಾಲುವೆಯಲ್ಲಿ ನಿಂತು ಇಂಗುತ್ತದೆ, ಜೊತೆಗೆ ಬಂದ ಮಣ್ಣೂ ಅಲ್ಲಿಯೇ ತಂಗುತ್ತದೆ. ಒಡ್ಡಿನ ಮೇಲೆ ಗೊಬ್ಬರಗಿಡದ ಸಾಲು. ಅದರ ಬೇರು ಮಣ್ಣನ್ನು ಹಿಡಿಯುತ್ತದೆ, ಕಡಿದ ಸೊಪ್ಪು ಸಸಿಗಳ ಬುಡಕ್ಕೆ ಹೊದಿಕೆಯಾಗುತ್ತದೆ. ಮಾವು ಬಂದದ್ದು ಮರುವರ್ಷ, ಹತ್ತು ಹತ್ತು ಮೀಟರ್ ಅಂತರದಲ್ಲಿ. ಸಾಗವಾನಿ ಹೊಲದ ಅಂಚಿಗೆ ಮಾತ್ರ.

ಎರಡನೆಯದು ಮನುಷ್ಯನ ಮಾತು. ಸುಗ್ಗಿ ಮುಗಿದ ಮೇಲೆ ಊರಿನ ದನ, ಆಡು ಬಯಲಿಗೆ ಬೀಳುತ್ತವೆ. ಎಳೆಯ ಸಸಿಗೆ ಮೊದಲ ಎರಡು ಬೇಸಿಗೆ ಕೊಡ ಹೊತ್ತು ನೀರು ಹಾಕಬೇಕು. ಇದಕ್ಕೆಲ್ಲ ಹೊಲದಲ್ಲಿ ಒಬ್ಬ ಇರಬೇಕಲ್ಲವೆ? ಹೊಲ ಅವನಿಗೆ ಅನ್ನ ಕೊಡದಿದ್ದರೆ ಅವನೂ ನಮ್ಮ ಹಾಗೆ ಪುಣೆಯ ಬಸ್ಸು ಹತ್ತುತ್ತಾನೆ. ಮಾವಿನ ಸಾಲುಗಳ ನಡುವೆ ಶೇಂಗಾ, ಹೆಸರು ಬಿತ್ತುವುದು ಜಾಗ ಬರಿದಾಗದಿರಲೆಂದು ಮಾತ್ರವಲ್ಲ, ಗಿಡ ಕಾಯುವವನು ಊರಲ್ಲಿ ಉಳಿಯಲೆಂದು. ಹಣ್ಣಿನಲ್ಲಿ ಅವನಿಗೆ ಅರ್ಧ ಪಾಲೆಂದು ಬರೆದುಕೊಟ್ಟಿದ್ದೇವೆ. ಆ ದಿನ ನಮ್ಮೊಳಗೆ ಮಾತಿಗೆ ಮಾತು ಬೆಳೆದದ್ದು ನಿಜ. ಆದರೆ ಬರೆಹವಿಲ್ಲದೆ ಹತ್ತು ವರುಷದ ದುಡಿಮೆಗೆ ಯಾರು ಮೈ ಬಗ್ಗಿಸುತ್ತಾರೆ?

ಇದು ನಮ್ಮ ಹೊಲದ್ದಷ್ಟೇ ಕತೆಯಲ್ಲ. ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆ, 1982ರಲ್ಲಿ ಗುಜರಾತಿನ ವಾಂಸ್ದಾದಲ್ಲಿ ಆದಿವಾಸಿ ಕುಟುಂಬಗಳೊಡನೆ ‘ವಾಡಿ’ಯನ್ನು ಆರಂಭಿಸಿತು. ಕುಟುಂಬಕ್ಕೆ ಸುಮಾರು ಒಂದು ಎಕರೆ: ಒಳಗೆ ಹಣ್ಣಿನ ಗಿಡ, ಅಂಚಿಗೆ ಕಾಡುಗಿಡ, ಸಾಲುಗಳ ನಡುವೆ ಕಾಳುಕಡಿ. ಇವೆಲ್ಲಕ್ಕೂ ಆಧಾರ ಮಣ್ಣು-ನೀರು ಹಿಡಿದಿಡುವ ಕೆಲಸ. ಆ ಪದ್ಧತಿ ಮುಂದೆ ಅನೇಕ ರಾಜ್ಯಗಳಿಗೆ ಹಬ್ಬಿತು, ನಮ್ಮ ಧಾರವಾಡ ಸೀಮೆಗೂ ಬಂದಿತು.

ಇದಕ್ಕೆ ತದ್ವಿರುದ್ಧವಾದದ್ದು ನೀಲಗಿರಿಯ ಕತೆ. ಎಂಬತ್ತರ ದಶಕದಲ್ಲಿ ಕೋಲಾರದ ಕಡೆ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದವು. ಹೊಲದೊಡೆಯ ಪಟ್ಟಣದಲ್ಲಿದ್ದರೂ ನಡೆಯುತ್ತಿತ್ತು, ಆಳಿನ ಗೋಜಿರಲಿಲ್ಲ. ಆದರೆ ರಾಗಿಯೂ ಹೋಯಿತು, ಕೂಲಿಯೂ ಹೋಯಿತು. ಮೊದಲೇ ನೀರು ಕಡಿಮೆಯಿದ್ದ ನೆಲದ ತೇವವನ್ನು ಮರಗಳು ಹೀರಿದವು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ, ಮಾವಿನ ಬೀಜ ಊರಿದರು. ಹೊಸದಾಗಿ ನೀಲಗಿರಿ ನೆಡಬಾರದೆಂದು ಕರ್ನಾಟಕ ಸರಕಾರ ಆಜ್ಞೆ ಮಾಡಿದ್ದು 2017ರಲ್ಲಿ.

2011-12ರಲ್ಲಿ ಆರಂಭವಾದ ಕರ್ನಾಟಕದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನಮಗೆ ಮೆಚ್ಚಿಗೆಯಾದ ಅಂಶವೊಂದಿದೆ. ಅಲ್ಲಿ ಪ್ರೋತ್ಸಾಹಧನ ಕೊಡುವುದು ಮೂರು ವರುಷಗಳ ಅವಧಿಯಲ್ಲಿ, ಬದುಕಿ ಉಳಿದ ಸಸಿಗಳನ್ನು ಎಣಿಸಿ. ನೆಟ್ಟವೆಷ್ಟು ಎಂಬುದಕ್ಕಲ್ಲ ಬೆಲೆ. ನಮ್ಮಲ್ಲಿ ಎರಡನೆಯ ಬೇಸಿಗೆಯಲ್ಲಿ ಒಂಬತ್ತು ಮಾವಿನ ಸಸಿ ಹೋದವು. ಅವು ಒಡ್ಡಿನ ಕೆಲಸ ಇನ್ನೂ ಮುಗಿಯದಿದ್ದ ಮೂಲೆಯಲ್ಲಿದ್ದವು. ಉಳಿದವು ಹಸಿರಾಗಿವೆ.

ಪಟ್ಟಣದಲ್ಲಿರುವ ನಾವು ಊರಿಗೆ ಹೋಗುವುದು ಮೇ ರಜೆಯಲ್ಲಿ, ಇಲ್ಲವೆ ದೀಪಾವಳಿಗೆ. ಆಗ ಮಳೆಯಿರುವುದಿಲ್ಲ. ಹೊಲಕ್ಕೆ ಗಿಡ ಹಾಕುವ ಯೋಚನೆಯುಳ್ಳ ಬಂಧುಗಳು ಒಮ್ಮೆ ಜುಲೈ ತಿಂಗಳಲ್ಲಿ ಎರಡು ದಿನ ರಜೆ ಹಾಕಿ ಹೋಗಿಬರಲಿ. ಮಳೆ ಸುರಿಯುವಾಗ ಹೊಲ ಉಳುವವನನ್ನು ಜೊತೆಗೆ ಕರೆದುಕೊಂಡು ಮೇಲ್ಬದಿಯಲ್ಲಿ ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡಲಿ. ಯಾವ ಗಿಡ, ಎಷ್ಟು ಗಿಡ ಎಂಬ ಮಾತನ್ನು ಆಮೇಲೆ ಅವನೊಡನೆ ಕುಳಿತು ಆಡಬಹುದು.